ಮತವೂ ಒಂದು ಸಾಕ್ಷ್ಯ: ಪಕ್ಷದ ವಿಪ್ ಮತ್ತು ಅಲ್ಲಾಹನ ಮುಂದಿನ ಉತ್ತರ
(ಜುಮಾ ಪ್ರವಚನದ ಸಾರಾಂಶ)

ಅಲ್ಹಮ್ದುಲಿಲ್ಲಾಹ್. ಸರ್ವಸ್ತುತಿ ಸರ್ವಲೋಕಗಳ ಪಾಲಕನಾದ ಅಲ್ಲಾಹನಿಗೆ. ಸಲಾತ್ ಮತ್ತು ಸಲಾಮ್ ನಮ್ಮ ಪ್ರವಾದಿ ಮುಹಮ್ಮದ್ (ಸ) ಅವರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಸಹಾಬಿಗಳ ಮೇಲೆ ಇರಲಿ.



2025ರ ಏಪ್ರಿಲ್ ಮೊದಲ ವಾರ ನಿಮಗೆ ನೆನಪಿರಬಹುದು. ವಕ್ಫ್ ತಿದ್ದುಪಡಿ ಮಸೂದೆಯ ಮೇಲೆ ಲೋಕಸಭೆಯಲ್ಲಿ ನಡುರಾತ್ರಿ ದಾಟುವವರೆಗೂ ಚರ್ಚೆ ನಡೆಯಿತು. ಪರವಾಗಿ 288, ವಿರುದ್ಧವಾಗಿ 232 ಮತ ಬಿದ್ದವು. ರಾಜ್ಯಸಭೆಯಲ್ಲಿ 128 ಮತ್ತು 95. ಆ ವಾರದ ಜುಮಾ ನಮಾಜ್ ಮುಗಿದ ಮೇಲೆ ಒಬ್ಬ ಯುವಕ ನನ್ನ ಹತ್ತಿರ ಬಂದು ಕೇಳಿದ: "ಹಜರತ್, ಅಷ್ಟು ಮಂದಿ ಎಂ.ಪಿ.ಗಳೊಳಗ ತಮ್ಮ ಪಕ್ಷ ಹೇಳಿದ್ದನ್ನ ಬಿಟ್ಟು ತಮ್ಮ ಮನಸ್ಸಿಗೆ ಸರಿ ಕಂಡಂಗ ವೋಟ್ ಹಾಕೋರು ಯಾರೂ ಇರೂದಿಲ್ಲೇನು? ವರ್ಷಕ್ಕ ಎಷ್ಟು ಸಲ ಹಂಗ ಆಗತೈತಿ?"

ಆ ಹೊತ್ತಿಗೆ ಅವನಿಗೆ ಸಮಾಧಾನದ ಎರಡು ಮಾತು ಹೇಳಿ ಕಳಿಸಿದೆ. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ಇವತ್ತು ಅದಕ್ಕೆ ನನಗೆ ತಿಳಿದ ಮಟ್ಟಿಗೆ ಉತ್ತರ ಹೇಳುತ್ತೇನೆ. ಯಾವ ಪಕ್ಷದ ಪರವಾಗಿಯೂ, ಯಾವ ಪಕ್ಷದ ವಿರುದ್ಧವಾಗಿಯೂ ಈ ಮಿಂಬರ್‌ನಿಂದ ಮಾತಾಡುವುದಿಲ್ಲ. ಇದು ಅಮಾನತ್‌ನ ವಿಷಯ.

ಮೊದಲು ನೇರ ಉತ್ತರ. ನಮ್ಮ ದೇಶದಲ್ಲಿ ಸಂಸದರು ಪಕ್ಷದ ಆದೇಶ ಮೀರಿ ಮತ ಹಾಕುವುದು ತೀರ ಅಪರೂಪ. ಅದಕ್ಕೆ ಅಂಜಿಕೆಯೂ ಕಾರಣ, ಕಾನೂನೂ ಕಾರಣ. ಆ ಕಾನೂನು ಏಕೆ ಬಂತು ಎಂಬುದನ್ನು ತಿಳಿಯದೆ ನಾವು ಯಾರನ್ನೂ ದೂರಬಾರದು.

1967ರಲ್ಲಿ ಹರಿಯಾಣದಲ್ಲಿ ಗಯಾ ಲಾಲ್ ಎಂಬ ಶಾಸಕರು ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಿಸಿದರು. ಅಲ್ಲಿಂದಲೇ "ಆಯಾ ರಾಮ್, ಗಯಾ ರಾಮ್" ಎಂಬ ಮಾತು ಹುಟ್ಟಿತು. ಆಗ ರಾಜ್ಯ ರಾಜ್ಯಗಳಲ್ಲಿ ಸರ್ಕಾರಗಳು ಹೀಗೇ ಬೀಳತೊಡಗಿದ್ದವು. ಜನ ಒಂದು ಗುರುತಿಗೆ ಮತ ಕೊಟ್ಟರೆ, ಗೆದ್ದವರು ಇನ್ನೊಂದು ಗುರುತಿನ ಮನೆಯಲ್ಲಿ ಇರುತ್ತಿದ್ದರು. ಇದನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ಮಾಡಿ ಹತ್ತನೇ ಅನುಸೂಚಿಯನ್ನು ಸೇರಿಸಿದರು. ಅದನ್ನೇ ನಾವು ಪಕ್ಷಾಂತರ ನಿಷೇಧ ಕಾಯ್ದೆ ಎನ್ನುತ್ತೇವೆ. ಅದರ ಪ್ರಕಾರ ಗೆದ್ದವರು ಎರಡು ರೀತಿಯಲ್ಲಿ ಸ್ಥಾನ ಕಳೆದುಕೊಳ್ಳಬಹುದು. ತಾವಾಗಿಯೇ ಪಕ್ಷದ ಸದಸ್ಯತ್ವ ಬಿಟ್ಟರೆ ಸ್ಥಾನ ಹೋಗಬಹುದು. ಪಕ್ಷ ಹೊರಡಿಸಿದ ಆದೇಶಕ್ಕೆ, ಅಂದರೆ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದರೆ ಅಥವಾ ಮತ ಹಾಕದೆ ಉಳಿದರೂ ಹೋಗಬಹುದು. ಪಕ್ಷ 15 ದಿನಗಳೊಳಗೆ ಅದನ್ನು ಮನ್ನಿಸಿದರೆ ಮಾತ್ರ ಉಳಿಯುತ್ತದೆ. ತೀರ್ಪು ಕೊಡುವವರು ಸದನದ ಸ್ಪೀಕರ್ ಅಥವಾ ಸಭಾಪತಿ.

ಈ ಕಾನೂನಿನಿಂದ ಒಳ್ಳೆಯದೂ ಆಯಿತು, ನಷ್ಟವೂ ಆಯಿತು. ಒಬ್ಬೊಬ್ಬರೇ ಸುಲಭವಾಗಿ ಜಿಗಿಯುವುದಕ್ಕೆ ತಡೆ ಬಿತ್ತು. ಆದರೆ ಪ್ರಾಮಾಣಿಕವಾಗಿ "ಇದು ತಪ್ಪು" ಎನ್ನುವವನ ಬಾಯಿಯೂ ಕಟ್ಟಿತು. ಹಣಕ್ಕಾಗಿ ಜಿಗಿಯುವವನಿಗೂ, ಆತ್ಮಸಾಕ್ಷಿಗಾಗಿ ನಿಲ್ಲುವವನಿಗೂ ಕಾನೂನಿನಲ್ಲಿ ಒಂದೇ ಶಿಕ್ಷೆ. 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ, ಮತದ ಕಾರಣಕ್ಕೆ ಸ್ಥಾನ ಕಳೆಯುವ ನಿಯಮ ವಿಶ್ವಾಸಮತದಂಥ ಸಂದರ್ಭಗಳಿಗೆ ಸೀಮಿತವಾಗಲಿ ಎಂದಿತು. 1992ರಲ್ಲಿ ಕಿಹೋಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಆದರೆ ಇಂಥ ವಿಪ್ ಸರ್ಕಾರದ ಅಳಿವು-ಉಳಿವಿನ ಮತಕ್ಕೂ, ಪಕ್ಷ ಜನರ ಮುಂದೆ ಇಟ್ಟ ಮುಖ್ಯ ನೀತಿಗೂ ಸೀಮಿತವಾಗಿರುವುದು ಸರಿ ಎಂದೂ ಹೇಳಿತು. ನಡೆಯುತ್ತಿರುವುದು ಹಾಗಲ್ಲ. ಸಾಮಾನ್ಯ ಮಸೂದೆಗಳಿಗೂ ವಿಪ್ ಬರುತ್ತದೆ.

ಇನ್ನು ನಮ್ಮ ಸೀಮೆಯ ಮಾತು. ನಮ್ಮ ನಾಲ್ಕು ಊರುಗಳು ಒಂದೇ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಹಂಚಿಹೋಗಿವೆ. ಹಾನಗಲ್, ಹಿರೇಕೆರೂರಿನವರು ಹಾವೇರಿ ಕ್ಷೇತ್ರಕ್ಕೆ ಮತ ಹಾಕುತ್ತೇವೆ. ಶಿಗ್ಗಾಂವಿ-ಸವಣೂರಿನವರು ಧಾರವಾಡ ಕ್ಷೇತ್ರಕ್ಕೆ ಹಾಕುತ್ತಾರೆ. ಮೊದಲು ಇದು ಧಾರವಾಡ ದಕ್ಷಿಣ ಕ್ಷೇತ್ರವಾಗಿತ್ತು. ಎಫ್.ಎಚ್. ಮೊಹಸಿನ್, ಬಿ.ಎಂ. ಮುಜಾಹಿದ್, ಐ.ಜಿ. ಸನದಿ ಅವರನ್ನು ದಿಲ್ಲಿಗೆ ಕಳಿಸಿದ ಕ್ಷೇತ್ರ ಅದು ಎಂದು ಹಿರಿಯರು ನೆನೆಯುತ್ತಾರೆ.

2008ರ ಜುಲೈ 22ರಂದು ಅಮೆರಿಕದ ಜೊತೆಗಿನ ಅಣು ಒಪ್ಪಂದದ ವಿಷಯದಲ್ಲಿ ಮನಮೋಹನ್ ಸಿಂಗ್ ಸರ್ಕಾರ ವಿಶ್ವಾಸಮತ ಕೇಳಿತು. 275 ಪರ, 256 ವಿರುದ್ಧ. ಆ ದಿನ ಹಲವು ಪಕ್ಷಗಳ ಸಂಸದರು ವಿಪ್ ಪಾಲಿಸಲಿಲ್ಲ. ಬಿಜೆಪಿ ತನ್ನ ಕೆಲವು ಸಂಸದರನ್ನು ಹೊರಹಾಕಿತು. ಅವರಲ್ಲಿ ನಮ್ಮ ಧಾರವಾಡ ದಕ್ಷಿಣದ ಮಂಜುನಾಥ ಕುನ್ನೂರ ಅವರೂ ಇದ್ದರು. ಅದೇ ಸಮಯದಲ್ಲಿ ಸ್ಪೀಕರ್ ಸೋಮನಾಥ ಚಟರ್ಜಿ ಅವರನ್ನು ಅವರ ಪಕ್ಷ ಸಿಪಿಎಂ ಹೊರಹಾಕಿತು. ಸ್ಪೀಕರ್ ಸ್ಥಾನ ಪಕ್ಷಕ್ಕೆ ಮೀರಿದ್ದು ಎಂದು ಅವರು ಕುರ್ಚಿ ಬಿಡಲು ಒಪ್ಪಿರಲಿಲ್ಲ.

2019ರಲ್ಲಿ ಕರ್ನಾಟಕದಲ್ಲಿ 17 ಶಾಸಕರು ಅನರ್ಹರಾದರು. ಹಿರೇಕೆರೂರಿನ ಬಿ.ಸಿ. ಪಾಟೀಲರು ಅವರಲ್ಲಿ ಒಬ್ಬರು. ಕಾಂಗ್ರೆಸ್ಸಿನಿಂದ ಗೆದ್ದಿದ್ದ ಅವರು ರಾಜೀನಾಮೆ ಕೊಟ್ಟಿದ್ದರು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105 ಮತಗಳಿಂದ ಬಿತ್ತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಉಪಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರು ಬಿಜೆಪಿಯಿಂದ ಗೆದ್ದು ಮುಂದೆ ಸಚಿವರಾದರು. 2023ರಲ್ಲಿ ಅದೇ ಹಿರೇಕೆರೂರಿನ ಜನ ಯು.ಬಿ. ಬಣಕಾರ ಅವರನ್ನು ಆರಿಸಿದರು.

2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. ಹಾನಗಲ್ಲಿನ ಪಕ್ಕದ ಮುಂಡಗೋಡವೂ ಸೇರಿದ ಯಲ್ಲಾಪುರ ಕ್ಷೇತ್ರದ ಶಿವರಾಮ ಹೆಬ್ಬಾರ ಮತಕ್ಕೇ ಬರಲಿಲ್ಲ. ರಾಜ್ಯಸಭಾ ಚುನಾವಣೆಯ ಮತಕ್ಕೆ ಹತ್ತನೇ ಅನುಸೂಚಿ ಅನ್ವಯಿಸುವುದಿಲ್ಲ. 2025ರ ಮೇ ತಿಂಗಳಲ್ಲಿ ಪಕ್ಷ ಇಬ್ಬರನ್ನೂ ಆರು ವರ್ಷಕ್ಕೆ ಹೊರಹಾಕಿತು.

ಇವರಲ್ಲಿ ಯಾರ ನಿಯ್ಯತ್ ಏನಿತ್ತು ಎಂದು ನಾನು ಹೇಳಲಾರೆ. ಎದೆಯೊಳಗಿನದನ್ನು ಅಲ್ಲಾಹನೊಬ್ಬನೇ ಬಲ್ಲ. ಆದರೆ ಪಕ್ಷ ಮೀರಿದ್ದೆಲ್ಲ ಧೈರ್ಯವೂ ಅಲ್ಲ, ಪಕ್ಷ ಪಾಲಿಸಿದ್ದೆಲ್ಲ ನಿಷ್ಠೆಯೂ ಅಲ್ಲ ಎಂಬುದನ್ನು ಇಷ್ಟರಲ್ಲೇ ಕಾಣಬಹುದು. ಹಾಗಾದರೆ ಯಾವುದು ಸರಿ ಎಂದು ಅಳೆಯುವುದು ಹೇಗೆ?

ಸಹೋದರರೇ, ಇದಕ್ಕೆ ಪ್ರವಾದಿವರ್ಯರ (ಸ) ಜೀವನದಿಂದ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಹಜರತ್ ಅಲಿ (ರ) ವರದಿ ಮಾಡಿದ್ದು, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಪ್ರವಾದಿ (ಸ) ಒಂದು ತುಕಡಿಯನ್ನು ಕಳಿಸಿದರು. ಅನ್ಸಾರಿಗಳಲ್ಲಿ ಒಬ್ಬರನ್ನು ಅಮೀರ್ ಮಾಡಿ, ಅವರ ಮಾತು ಕೇಳಬೇಕೆಂದು ಉಳಿದವರಿಗೆ ಹೇಳಿದರು. ದಾರಿಯಲ್ಲಿ ಅಮೀರರಿಗೆ ಯಾವುದೋ ವಿಷಯಕ್ಕೆ ಸಿಟ್ಟು ಬಂತು. ಕಟ್ಟಿಗೆ ಕೂಡಿಸಿ ಬೆಂಕಿ ಹಚ್ಚಿಸಿದರು. ನನ್ನ ಮಾತು ಕೇಳಬೇಕೆಂದು ನಿಮಗೆ ಹೇಳಿಲ್ಲವೇ, ಹಾಗಾದರೆ ಇದರೊಳಗೆ ಹೋಗಿ ಎಂದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಬೆಂಕಿಯಿಂದ ಪಾರಾಗಲೆಂದೇ ನಾವು ಪ್ರವಾದಿಯ ಹತ್ತಿರ ಬಂದವರು, ಈಗ ಮತ್ತೆ ಬೆಂಕಿಗೆ ಹೋಗುವುದೇ ಎಂದು ತಡೆದು ನಿಂತರು. ಅಷ್ಟರಲ್ಲಿ ಬೆಂಕಿ ಆರಿತು, ಅಮೀರರ ಸಿಟ್ಟೂ ಇಳಿಯಿತು. ವಿಷಯ ಪ್ರವಾದಿಯವರಿಗೆ (ಸ) ತಿಳಿದಾಗ, ಅದರೊಳಗೆ ಹೋಗಿದ್ದರೆ ಅವರು ಮತ್ತೆ ಹೊರಬರುತ್ತಿರಲಿಲ್ಲ ಎಂದೂ, ವಿಧೇಯತೆ ಇರುವುದು ಒಳಿತಿನ ವಿಷಯದಲ್ಲಿ ಮಾತ್ರ ಎಂದೂ ತಿಳಿಸಿದರು.

ಗಮನಿಸಿ. ಆ ಅಮೀರರನ್ನು ನೇಮಿಸಿದವರು ಸ್ವತಃ ಪ್ರವಾದಿ (ಸ). ಅಂಥ ಅಮೀರರ ಆಜ್ಞೆಯನ್ನೂ ತಪ್ಪಿನಲ್ಲಿ ಪಾಲಿಸುವಂತಿಲ್ಲ. ಹಾಗಿರುವಾಗ ಒಂದು ಪಕ್ಷದ ಸಚೇತಕರ ಚೀಟಿ ಎಷ್ಟರದು?

ಎರಡನೆಯದು ಉಹುದ್. ಯುದ್ಧಕ್ಕೆ ಮೊದಲು ಮಶ್ವರಾ ನಡೆಯಿತು. ಮದೀನಾದ ಒಳಗೇ ಇದ್ದು ಎದುರಿಸುವುದು ಪ್ರವಾದಿಯವರ (ಸ) ಇಷ್ಟವಾಗಿತ್ತು. ಹುಮ್ಮಸ್ಸಿನ ಯುವಕರು ಹೊರಗೆ ಹೋಗೋಣ ಎಂದರು. ಹೆಚ್ಚಿನವರ ಅಭಿಪ್ರಾಯ ಅದೇ ಆದಾಗ ಪ್ರವಾದಿ (ಸ) ಕವಚ ತೊಟ್ಟು ಹೊರಟರು. ತನ್ನ ಮಾತು ನಡೆಯಲಿಲ್ಲ ಎಂದು ಅಬ್ದುಲ್ಲಾಹ್ ಇಬ್ನ್ ಉಬೈ ಸುಮಾರು 300 ಜನರನ್ನು ಕರೆದುಕೊಂಡು ನಡುದಾರಿಯಿಂದ ಮರಳಿದ. ಆಮೇಲೆ ಗುಡ್ಡದ ಮೇಲೆ 50 ಬಿಲ್ಲುಗಾರರನ್ನು ನಿಲ್ಲಿಸಿ, ಏನೇ ಆದರೂ ಜಾಗ ಬಿಡಬೇಡಿ ಎಂದು ಆಜ್ಞೆಯಾಯಿತು. ಗೆಲುವು ಕಂಡ ಕೂಡಲೇ ಅವರಲ್ಲಿ ಹೆಚ್ಚಿನವರು ಯುದ್ಧದ ಸೊತ್ತಿಗಾಗಿ ಕೆಳಗೆ ಓಡಿದರು. ಅವರ ನಾಯಕ ಅಬ್ದುಲ್ಲಾಹ್ ಬಿನ್ ಜುಬೈರ್ (ರ) ತಡೆದರೂ ಕೇಳಲಿಲ್ಲ. ಹಿಂದಿನಿಂದ ದಾಳಿಯಾಯಿತು. ಸುಮಾರು 70 ಸಹಾಬಿಗಳು ಶಹೀದರಾದರು.

ಬೆಂಕಿಯ ಮುಂದೆ ನಿಂತವರೂ ಆಜ್ಞೆ ಪಾಲಿಸಲಿಲ್ಲ, ಗುಡ್ಡ ಬಿಟ್ಟವರೂ ಪಾಲಿಸಲಿಲ್ಲ. ಬೆಂಕಿಯ ಮುಂದೆ ನಿಂತವರಿಗೆ ಸಿಗುವ ಲಾಭ ಏನೂ ಇರಲಿಲ್ಲ, ಮುಂದಿದ್ದದ್ದು ಪಾಪದ ಆಜ್ಞೆ. ಗುಡ್ಡ ಬಿಟ್ಟವರ ಕಣ್ಣು ಸೊತ್ತಿನ ಮೇಲಿತ್ತು, ಆಜ್ಞೆಯಲ್ಲಿ ಯಾವ ಪಾಪವೂ ಇರಲಿಲ್ಲ.

ಇದರಿಂದ ನಾವು ಮೂರು ಪ್ರಶ್ನೆ ಕಲಿಯಬಹುದು. ಸಂಸದರಿಗಾಗಲಿ, ಶಾಸಕರಿಗಾಗಲಿ, ಪುರಸಭೆಯ ಸದಸ್ಯರಿಗಾಗಲಿ ಇವೇ ಪ್ರಶ್ನೆಗಳು. ಪಕ್ಷ ಹೇಳುತ್ತಿರುವುದು ಅನ್ಯಾಯವೇ, ಅಥವಾ ಬರೀ ನನಗೆ ಇಷ್ಟವಿಲ್ಲದ್ದೇ? ಚುನಾವಣೆಯಲ್ಲಿ ನಾನು ಜನರಿಗೆ ಕೊಟ್ಟ ಮಾತು ಏನಿತ್ತು? ಈ ಮತದಿಂದ ನನಗೆ ಏನಾದರೂ ಸಿಗುತ್ತದೆಯೋ, ಏನಾದರೂ ಹೋಗುತ್ತದೆಯೋ? ಏನೋ ಹೋಗುತ್ತದೆ ಎಂದು ಗೊತ್ತಿದ್ದೂ ಅನ್ಯಾಯದ ವಿರುದ್ಧ ಕೈ ಎತ್ತಿದವನ ಮಾತನ್ನು ನಾವು ಗೌರವದಿಂದ ಕೇಳಬೇಕು. ಕುರ್ಚಿಯೋ ಹಣವೋ ಸಿಕ್ಕಿತೆಂದು ಕೈ ಎತ್ತಿದವನು ಎಷ್ಟು ಚೆಂದದ ಮಾತು ಹೇಳಿದರೂ ಗುಡ್ಡ ಬಿಟ್ಟವರ ಸಾಲಿನವನೇ.

ಬೇರೆ ದೇಶದ ಎರಡು ಉದಾಹರಣೆ ಹೇಳುತ್ತೇನೆ. ಬ್ರಿಟನ್ನಿನಲ್ಲಿ ವಿಪ್ ಮೀರಿದರೆ ಸಂಸದರ ಸ್ಥಾನ ಹೋಗುವುದಿಲ್ಲ. ಪಕ್ಷದೊಳಗಿನ ಹುದ್ದೆ ಹೋಗಬಹುದು, ಪಕ್ಷದಿಂದ ಅಮಾನತ್ತೂ ಆಗಬಹುದು. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ವಿರುದ್ಧ 139 ಲೇಬರ್ ಸಂಸದರು ತಮ್ಮದೇ ಪ್ರಧಾನಿಗೆ ಎದುರಾಗಿ ಮತ ಹಾಕಿದರು. 2023ರ ನವೆಂಬರ್ 15ರಂದು ಗಾಝಾದಲ್ಲಿ ಕದನವಿರಾಮ ಬೇಕೆಂಬ ತಿದ್ದುಪಡಿಗೆ 56 ಲೇಬರ್ ಸಂಸದರು ಪಕ್ಷದ ಆದೇಶ ಮೀರಿ ಮತ ಕೊಟ್ಟರು. ನಾಝ್ ಶಾ, ಅಫ್ಝಲ್ ಖಾನ್, ಯಾಸ್ಮಿನ್ ಖುರೇಶಿ ಇದಕ್ಕಾಗಿ ಪಕ್ಷದ ಹುದ್ದೆ ಬಿಟ್ಟರು. ಅವರ ಜೊತೆ ಮತ ಹಾಕಿದವರಲ್ಲಿ ಮುಸ್ಲಿಮೇತರರೂ ಬಹಳ ಮಂದಿ ಇದ್ದರು. ಆಸ್ಟ್ರೇಲಿಯಾದಲ್ಲಿ ಹಿಜಾಬ್ ಧರಿಸುವ ಯುವ ಸೆನೆಟರ್ ಫಾತಿಮಾ ಪೇಮನ್ 2024ರ ಜೂನ್‌ನಲ್ಲಿ ಫೆಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡುವ ನಿರ್ಣಯಕ್ಕೆ ಪಕ್ಷ ಮೀರಿ ಮತ ಹಾಕಿದರು. ಮುಂದಿನ ತಿಂಗಳು ಪಕ್ಷ ಬಿಟ್ಟು ಸ್ವತಂತ್ರರಾಗಿ ಕುಳಿತರು. ನಮ್ಮಲ್ಲೂ ದಾರಿ ಪೂರ್ತಿ ಮುಚ್ಚಿಲ್ಲ. ವಕ್ಫ್ ಮಸೂದೆಯ ದಿನ ಒಡಿಶಾದ ಬಿಜು ಜನತಾ ದಳ ರಾಜ್ಯಸಭೆಯ ತನ್ನ ಸದಸ್ಯರಿಗೆ ವಿಪ್ ಕೊಡದೆ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದಿತ್ತು. ವಿಪ್ ಹೊರಡಿಸಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಪಕ್ಷಗಳು ಮನಸ್ಸು ಮಾಡಿದರೆ ಬಿಡಬಹುದು.

ಈಗ ಮಾತನ್ನು ದಿಲ್ಲಿಯಿಂದ ನಮ್ಮ ಓಣಿಗೆ ತರುತ್ತೇನೆ.

ನಾವು ಹಾಕುವ ಮತದ ಬಗ್ಗೆ ಮುಫ್ತಿ ಮುಹಮ್ಮದ್ ಶಫೀ ಸಾಹೇಬರು ವಿವರಿಸಿದ್ದಾರೆ: ಮತ ಕೊಡುವುದೆಂದರೆ ಒಂದು ಶಹಾದತ್, ಒಂದು ಶಿಫಾರಸು, ಒಂದು ವಕಾಲತ್. ಈ ಮನುಷ್ಯ ಯೋಗ್ಯ ಎಂದು ಸಾಕ್ಷಿ ಹೇಳುತ್ತೇವೆ, ಇವನಿಗೆ ಅಧಿಕಾರ ಕೊಡಿ ಎಂದು ಶಿಫಾರಸು ಮಾಡುತ್ತೇವೆ, ನಮ್ಮ ಪರವಾಗಿ ಮಾತಾಡಲು ವಕೀಲನನ್ನಾಗಿ ಮಾಡುತ್ತೇವೆ. ಸೂರಃ ನಿಸಾದ 135ನೇ ಆಯತ್‌ನಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ನ್ಯಾಯದ ಮೇಲೆ ಗಟ್ಟಿಯಾಗಿ ನಿಲ್ಲಲು, ಅಲ್ಲಾಹನಿಗಾಗಿ ಸಾಕ್ಷಿ ಹೇಳಲು ಆಜ್ಞಾಪಿಸುತ್ತಾನೆ. ಆ ಸಾಕ್ಷಿ ನಮ್ಮ ವಿರುದ್ಧವೇ ಆದರೂ, ತಂದೆತಾಯಿ, ಬಂಧುಗಳ ವಿರುದ್ಧ ಆದರೂ ಸರಿ. ಇಷ್ಟು ದೊಡ್ಡ ಸಾಕ್ಷಿಯನ್ನು ಒಂದು ನೋಟಿಗೆ, ಒಂದು ಕುಕ್ಕರಿಗೆ, ಒಂದು ಸೀರೆಗೆ ಕೊಟ್ಟವನು ನಾಳೆ ತನ್ನ ಎಂ.ಪಿ. ಆತ್ಮಸಾಕ್ಷಿಯಂತೆ ಮತ ಹಾಕಲಿಲ್ಲ ಎಂದು ಯಾವ ಬಾಯಿಂದ ಕೇಳುತ್ತಾನೆ? ನಾವು ಮಾರಿದ್ದನ್ನೇ ಅವನು ಮುಂದೆ ಮಾರುತ್ತಾನೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯೂ ಇಲ್ಲ, ವಿಪ್ಪೂ ಇಲ್ಲ. ಆದರೂ ಅಧ್ಯಕ್ಷರ ಆಯ್ಕೆ ಬಂದಾಗ ಸದಸ್ಯರನ್ನು ಪ್ರವಾಸಕ್ಕೆ ಕರೆದೊಯ್ಯುವುದನ್ನು ನಾವು ನೋಡಿದ್ದೇವೆ. ಅಲ್ಲಿ ಯಾವ ಕಾನೂನು ಅವರ ಬಾಯಿ ಕಟ್ಟಿತ್ತು?

ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಮನೆಯ ವಾಟ್ನಿಗೆ ಹಿರಿಯರ ಜೊತೆ ನನ್ನನ್ನೂ ಕೂರಿಸಿದ್ದರು. ಊರು, ಹೆಸರು ಬೇಡ. ತಂದೆ ತೀರಿದ್ದರು. ಗಂಡುಮಕ್ಕಳು ಹೊಲ ಹಂಚಿಕೊಂಡರು. ತಂಗಿಯ ಮುಂದೆ ಹಕ್ಕುಬಿಡುಗಡೆ ಪತ್ರ ಇಟ್ಟರು. ಅವಳ ಮದುವೆಗೆ ಖರ್ಚಾಗಿದೆಯಲ್ಲ, ಅವಳು ಖುಷಿಯಿಂದಲೇ ಬಿಡುತ್ತಾಳೆ ಎಂದು ಎಲ್ಲರೂ ಅಂದರು. ಅವಳು ಒಮ್ಮೆ ನನ್ನ ಕಡೆ ನೋಡಿದಳು. ಕುರ್‌ಆನ್ ಅವಳ ಪಾಲನ್ನು ಬರೆದಿಟ್ಟಿದೆ ಎಂದು ಅಲ್ಲಿ ಬಲ್ಲವನು ನಾನು. ಆದರೆ ಕೂತವರೆಲ್ಲ ಜಮಾತ್‌ನ ದೊಡ್ಡವರು. ನಾನು ತಲೆ ತಗ್ಗಿಸಿದೆ. ಅವಳು ಸಹಿ ಹಾಕಿದಳು.

ನನಗೆ ಅಲ್ಲಿ ಯಾವ ವಿಪ್ಪೂ ಇರಲಿಲ್ಲ. ಸ್ಥಾನ ಹೋಗುವ ಕಾನೂನೂ ಇರಲಿಲ್ಲ. ನಾಲ್ಕು ಜನರ ಮುಖ ಮಾತ್ರ ಇತ್ತು. ತಿಂಗಳುಗಟ್ಟಲೆ ಆ ನೋಟ ನನ್ನನ್ನು ಬಿಡಲಿಲ್ಲ. ಕಡೆಗೆ ಅಣ್ಣತಮ್ಮಂದಿರ ಮನೆಗೆ ಹೋಗಿ, ಅವತ್ತು ನಾನು ಸುಮ್ಮನಿದ್ದದ್ದು ತಪ್ಪು, ನೀವು ಮಾಡಿದ್ದೂ ತಪ್ಪು ಎಂದು ಹೇಳಿದೆ. ಒಬ್ಬರು ಸಿಟ್ಟಾದರು, ಇಂದಿಗೂ ಸರಿಯಾಗಿ ಮಾತಾಡುವುದಿಲ್ಲ. ಇನ್ನೊಬ್ಬರು ತಮ್ಮ ಪಾಲಿನಿಂದ ತಂಗಿಗೆ ಸ್ವಲ್ಪ ಕೊಟ್ಟರು. ಪೂರ್ತಿ ಹಕ್ಕು ಅವಳಿಗೆ ಸಿಗಲಿಲ್ಲ. ಅದರ ಲೆಕ್ಕ ನನ್ನ ಮೇಲೂ ಇದೆ.

ಅಂದಿನಿಂದ ಸಂಸತ್ತಿನಲ್ಲಿ ಪಕ್ಷದ ಮಾತಿಗೆ ಕೈ ಎತ್ತುವವರನ್ನು ಕಂಡಾಗ ನನಗೆ ಮೊದಲು ನನ್ನ ತಗ್ಗಿದ ತಲೆ ನೆನಪಾಗುತ್ತದೆ. ಪ್ರವಾದಿ (ಸ) ಅಸಬಿಯ್ಯತ್ ಅಂದರೆ ಏನೆಂದು ತಿಳಿಸಿದ್ದಾರೆ. ತನ್ನವರನ್ನು ಪ್ರೀತಿಸುವುದು ಅಸಬಿಯ್ಯತ್ ಅಲ್ಲ. ತನ್ನವರು ಅನ್ಯಾಯ ಮಾಡುವಾಗ ಅವರಿಗೆ ಬೆಂಬಲವಾಗಿ ನಿಲ್ಲುವುದೇ ಅಸಬಿಯ್ಯತ್. ಅದು ಪಕ್ಷದಲ್ಲೂ ಇರುತ್ತದೆ, ಜಾತಿಯಲ್ಲೂ ಇರುತ್ತದೆ, ಜಮಾತ್‌ನಲ್ಲೂ, ಮನೆಯಲ್ಲೂ ಇರುತ್ತದೆ.

ಹಾಗಾದರೆ ಏನು ಮಾಡೋಣ? ಆ ಯುವಕನಿಗೂ ನಿಮಗೂ ನಾಲ್ಕು ಮಾತು.

ಒಂದು, ಮತದಾನಕ್ಕೆ ಮೊದಲೇ ಕೇಳಿ. ಗೆದ್ದ ಮೇಲೆ ದೂರುವುದಕ್ಕಿಂತ, ಮತ ಕೇಳಲು ಬಂದಾಗ "ಇಂಥ ವಿಷಯ ಬಂದರೆ ನಿಮ್ಮ ನಿಲುವು ಏನು" ಎಂದು ವಿನಯದಿಂದ ಕೇಳಿ. ಆಮೇಲೆ ಬರವಣಿಗೆಯಲ್ಲಿ ಮನವಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಸದನದಲ್ಲಿ ಹೆಚ್ಚಿನ ತೀರ್ಮಾನಗಳು ಧ್ವನಿಮತದಲ್ಲಿ ಮುಗಿಯುತ್ತವೆ, ಅಲ್ಲಿ ಯಾರು ಹೇಗೆ ಎಂದು ಗೊತ್ತಾಗುವುದಿಲ್ಲ. ಆದರೆ ಸದಸ್ಯರು ಕೇಳಿ ಮತವಿಭಜನೆ ಆದಾಗ ಹೆಸರುಗಳು ಸದನದ ಕಲಾಪದಲ್ಲಿ ದಾಖಲಾಗುತ್ತವೆ. ಓದಿದ ಮಕ್ಕಳು ಅದನ್ನು ನೋಡಿ ಮನೆಯವರಿಗೆ ತಿಳಿಸಲಿ. ವಾಟ್ಸಾಪ್‌ನಲ್ಲಿ ಬಂದದ್ದನ್ನೇ ನಂಬಬೇಡಿ.

ಎರಡು, ನಮ್ಮ ವಿಷಯಕ್ಕೆ ಮಾತ್ರ ನ್ಯಾಯ ಕೇಳಬೇಡಿ. ಹಾನಗಲ್ಲಿನ ಭತ್ತದ ರೈತನಿಗೆ, ಸವಣೂರಿನ ಎಲೆಬಳ್ಳಿ ತೋಟದವನಿಗೆ ಅನ್ಯಾಯವಾದಾಗ ಅವನು ಯಾವ ಜಾತಿ ಎಂದು ಕೇಳದೆ ಜೊತೆಗೆ ನಿಲ್ಲಿ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯ ಬಿಡುವಂತೆ ಮಾಡದಿರಲಿ ಎಂಬುದು ಸೂರಃ ಮಾಇದಾದ 8ನೇ ಆಯತ್‌ನ ಆಜ್ಞೆ.

ಮೂರು, ಯಾವ ಪಕ್ಷದವರೇ ಆಗಲಿ, ಒಳ್ಳೆಯ ಮಾತಾಡಿದವರಿಗೆ ಒಂದು ಕೃತಜ್ಞತೆಯ ಪತ್ರ ಬರೆಯಿರಿ. ಒಂಟಿಯಾಗಿ ನಿಂತವನಿಗೆ ತನ್ನ ಹಿಂದೆ ಜನ ಇದ್ದಾರೆಂದು ತಿಳಿಯಬೇಕು.

ನಾಲ್ಕು, ಮಕ್ಕಳಿಗೆ ಮನೆಯಲ್ಲೇ ಇದನ್ನು ಕಲಿಸಿ. ಅದಬಿನಿಂದ, ದನಿ ಏರಿಸದೆ, "ಅಬ್ಬಾ, ಇದು ಸರಿ ಅಲ್ಲ ಅನಿಸ್ತದ" ಎಂದು ಮಗಳು ಹೇಳಿದರೆ ಬಾಯಿ ಮುಚ್ಚಿಸಬೇಡಿ. ಹಜರತ್ ಅಬೂಬಕರ್ (ರ) ಖಲೀಫರಾದ ದಿನವೇ, ನಾನು ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದು ಜನರಿಗೆ ಹೇಳಿದವರು. ಉಹುದ್‌ನ ಮಶ್ವರಾದ ನಂತರ ಅಷ್ಟು ನೋವಾದರೂ ಅಲ್ಲಾಹನು ಸೂರಃ ಆಲಿ ಇಮ್ರಾನ್‌ನಲ್ಲಿ ತನ್ನ ಪ್ರವಾದಿಗೆ, ಅವರನ್ನು ಕ್ಷಮಿಸಿ ಮತ್ತೆ ಅವರೊಂದಿಗೆ ಸಮಾಲೋಚಿಸಲು ಆಜ್ಞಾಪಿಸಿದನು. ಅಭಿಪ್ರಾಯ ತಪ್ಪಾಯಿತೆಂದು ಕೇಳುವುದನ್ನೇ ನಿಲ್ಲಿಸಲು ಹೇಳಲಿಲ್ಲ.

ಕಿಯಾಮತ್ ದಿನ ನಮ್ಮನ್ನು ಕೇಳುವಾಗ ಪಕ್ಷ ಪಕ್ಕದಲ್ಲಿ ಇರುವುದಿಲ್ಲ. ಜಮಾತ್‌ನ ದೊಡ್ಡವರೂ ಇರುವುದಿಲ್ಲ. ಸಂಸದನನ್ನು ಅವನು ಹಾಕಿದ ಮತದ ಬಗ್ಗೆ ಕೇಳಲಾಗುವುದು, ನನ್ನನ್ನು ನಾನು ಸುಮ್ಮನಿದ್ದ ಆ ಸಂಜೆಯ ಬಗ್ಗೆ ಕೇಳಲಾಗುವುದು.

ಯಾ ಅಲ್ಲಾಹ್, ನಮ್ಮನ್ನು ಆಳುವವರಿಗೆ ನ್ಯಾಯದ ಮನಸ್ಸು ಕೊಡು. ಸತ್ಯ ಹೇಳುವವರಿಗೆ ಧೈರ್ಯ ಕೊಡು, ಅವರನ್ನು ಒಂಟಿ ಮಾಡಬೇಡ. ನಾವು ಅಡಗಿಸಿದ ಸಾಕ್ಷಿಗಳನ್ನು ಕ್ಷಮಿಸು, ತಿದ್ದಿಕೊಳ್ಳಲು ಇನ್ನೂ ಸಮಯ ಕೊಡು. ನಮ್ಮ ಊರುಗಳಲ್ಲಿ, ನಮ್ಮ ದೇಶದಲ್ಲಿ ಎಲ್ಲರಿಗೂ ಶಾಂತಿ, ನೆಮ್ಮದಿ ಕರುಣಿಸು. ಆಮೀನ್, ಯಾ ರಬ್ಬಲ್ ಆಲಮೀನ್.